ತೀರದ ಮುಯ್ಯಿ

ನಮ್ಮ ಬಳ್ಳಾರಿ ಕಡೆಯ ಕ್ರೈಸ್ತ ಸಭೆಗಳಿಂದಲೂ ಈಗ ಸೇವೆ ಅಂತ ಜನ ಹೊರದೇಶಕ್ಕೆ ಹೋಗಿ ಬರುತ್ತಿದ್ದಾರೆ. ಸ್ವಲ್ಪ ದಿನ ಇದ್ದು ವಾಪಸ್ ಬರುವ ಪ್ರಯಾಣಗಳು. ನಾನು ಕೀನ್ಯಾಕ್ಕೆ ಹೋಗಿ ಬಂದವಳು ಅಂತ ಹೊರಡುವ ಮುಂಚೆ ಕೆಲವರು ನನ್ನ ಹತ್ತಿರ ವಿಚಾರಿಸುತ್ತಾರೆ. ಎಂಥ ಬಟ್ಟೆ ಒಯ್ಯಬೇಕು, ಅಲ್ಲಿ ಅನ್ನ ಸಿಗುತ್ತದಾ, ಹಳದಿ ಜ್ವರದ ಇಂಜೆಕ್ಷನ್ ಹಾಕಿಸಲೇಬೇಕಾ, ಮಕ್ಕಳಿಗೆ ಹಂಚಲು ಏನು ತಗೊಂಡು ಹೋಗಬೇಕು. ಎಲ್ಲವೂ ಬೇಕಾದ ಪ್ರಶ್ನೆಗಳೇ. ಇಂಜೆಕ್ಷನ್ ಅಂತೂ ಹೊರಡುವುದಕ್ಕೆ ಹತ್ತು ದಿನ ಮುಂಚೆ ಆಗಿರಬೇಕು. ಅದರ ಹಳದಿ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆ ಇರಿಸುತ್ತಾರೆ.

ಆದರೆ ಅಲ್ಲಿಯ ಜನರ ಜೊತೆ ಗೆಳೆತನ ಮಾಡುವುದು ಹೇಗೆ ಅಂತ ಇದುವರೆಗೆ ಯಾರೂ ಕೇಳಿಲ್ಲ. ಅದು ತಾನಾಗಿ ಆಗುತ್ತದೆ ಅಂದುಕೊಂಡಿರುತ್ತಾರೆ. ಒಳ್ಳೆ ಮನಸ್ಸಿನಿಂದ ಹೋಗುತ್ತಿದ್ದೇವೆ, ನಗುತ್ತಾ ಮಾತಾಡಿಸುತ್ತೇವೆ, ಇನ್ನೇನು ಬೇಕು ಅಂತ. ನನಗೆ ಹಾಗೆ ಕಾಣುವುದಿಲ್ಲ. ಈ ವಿಷಯ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೌಲ್ ಬಜಾರ್ ಕಡೆ ಹುಟ್ಟಿ ಬೆಳೆದವಳು. ಜೀನ್ಸ್ ಹೊಲಿಯುವುದು ಕಸುಬು. ಮೊದಲು ಬೇರೆಯವರ ಯೂನಿಟ್ಟಿನಲ್ಲಿ ಪೀಸ್ ಲೆಕ್ಕದ ಕೂಲಿಗೆ ಕೂರುತ್ತಿದ್ದೆ. ಈಗ ಮನೆಯಲ್ಲೇ ಮಿಷನ್ ಹಾಕಿಕೊಂಡಿದ್ದೇನೆ, ಓಣಿಯ ಹುಡುಗಿಯರಿಗೆ ಕಲಿಸುತ್ತೇನೆ. ಕೀನ್ಯಾದ ಒಂದು ಹಳ್ಳಿ ಸಭೆಯವರು ತಮ್ಮ ಹೆಂಗಸರಿಗೆ ಹೊಲಿಗೆ ತೋರಿಸಿಕೊಡುವವರು ಬೇಕು ಅಂತ ಕೇಳಿದ್ದರಿಂದ ನಮ್ಮ ತಂಡದಲ್ಲಿ ನನ್ನನ್ನೂ ಸೇರಿಸಿದರು. ನರ್ಸುಗಳಿದ್ದರು, ಸಂಡೇ ಸ್ಕೂಲ್ ಟೀಚರುಗಳಿದ್ದರು, ನಮ್ಮ ಅಯ್ಯನವರೂ, ಅಂದರೆ ಸಭೆಯ ಪಾದ್ರಿಯೂ, ಇದ್ದರು. ಮುಂಬೈಯಿಂದ ನೈರೋಬಿ, ಅಲ್ಲಿಂದ ಮೊಂಬಾಸಾ ಹೆದ್ದಾರಿ ಹಿಡಿದು ಮಕುವೇನಿ ಜಿಲ್ಲೆ. ಕಾಂಬಾ ಜನರ ನಾಡು ಅದು. ಒಣ ಸೀಮೆ. ಕೆಂಪು ಮಣ್ಣು, ಕಲ್ಲುಗುಡ್ಡ, ಮುಳ್ಳಿನ ಗಿಡ, ಮಳೆ ದಾರಿ ನೋಡುವ ಹೊಲ. ವ್ಯಾನಿನ ಕಿಟಕಿಯಿಂದ ನೋಡುತ್ತಾ ನಮ್ಮ ಕೂಡ್ಲಿಗಿ ಕಡೆಯ ರಸ್ತೆಯಲ್ಲೇ ಇದ್ದೇವೆ ಅನ್ನಿಸುತ್ತಿತ್ತು.

ಅಲ್ಲಿಗೆ ಹೋಗಿ ಸುವಾರ್ತೆ ಹೇಳುವುದು ಯಾರಿಗೆ? ಈ ಪ್ರಶ್ನೆ ಮೊದಲ ಭಾನುವಾರವೇ ನನ್ನೊಳಗೆ ಎದ್ದಿತು. ಸಭೆ ತುಂಬಿ ಜನ ಹೊರಗೆ ಮರದ ನೆರಳಿನಲ್ಲಿ ನಿಂತಿದ್ದರು. ಹಾಡು ಶುರುವಾದರೆ ನಿಲ್ಲುವ ಮಾತೇ ಇಲ್ಲ. ಹಣ ಇಲ್ಲದವರು ಮೊಟ್ಟೆ, ಕೋಳಿ, ಪಪ್ಪಾಯಿ ಕಾಣಿಕೆ ತಂದಿದ್ದರು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕಿದರು. ಸುಗ್ಗಿ ಹಬ್ಬದ ದಿನ ನಮ್ಮ ಸಭೆಯಲ್ಲೂ ಹೀಗೇ ಹರಾಜು ನಡೆಯುತ್ತದೆ. ಅವರಿಗೆ ಅದು ಯಾವ ಭಾನುವಾರವಾದರೂ ಆಗಬಹುದು. ಕರ್ತನನ್ನು ಅವರು ನಮ್ಮಿಂದ ಕೇಳಿ ತಿಳಿಯಬೇಕಾದ್ದು ಏನೂ ಇರಲಿಲ್ಲ.

ಆ ಸೀಮೆಗೆ ಸುವಾರ್ತೆ ಬಂದು ಬಹಳ ಕಾಲವಾಗಿದೆ. ಪೀಟರ್ ಕ್ಯಾಮರಾನ್ ಸ್ಕಾಟ್ ಅನ್ನುವ ಯುವಕ 1895ರಲ್ಲಿ ಮಕುವೇನಿಯ ನ್ಜಾವುಯಿ ಬೆಟ್ಟದ ಹತ್ತಿರ ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ನಿನ ಮೊದಲ ಠಾಣೆ ಹಾಕಿದರು. ಮರುವರ್ಷ ಡಿಸೆಂಬರಿನಲ್ಲಿ ಜ್ವರ ಬಂದು ತೀರಿಕೊಂಡರು. ವಯಸ್ಸು 29. ಅವರಿಗಿಂತ ಮೊದಲು ಜರ್ಮನಿಯ ಕ್ರಾಫ್ ಕಾಂಬಾ ನಾಡಿನಲ್ಲಿ ಓಡಾಡಿದ್ದರು. ಕ್ರಾಫ್ ಓದಿದ್ದು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ, ಆಮೇಲೆ ಧಾರವಾಡಕ್ಕೆ ಪಾದ್ರಿಗಳನ್ನು ಕಳಿಸಿದ್ದು ಅದೇ ಬಾಸೆಲ್ ಮಿಷನ್. ಕ್ರಾಫ್ 1844ರಲ್ಲಿ ಮೊಂಬಾಸಾಕ್ಕೆ ಬಂದ ವರ್ಷವೇ ಅವರ ಹೆಂಡತಿ ರೋಸಿನಾ, ಆಗಷ್ಟೇ ಹುಟ್ಟಿದ ಮಗು, ಇಬ್ಬರೂ ಹೋಗಿಬಿಟ್ಟರು. ನಮ್ಮ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಇಲ್ಲೇ ಕೂತು ಕನ್ನಡ ಕಲಿತು, ವರ್ಷಗಟ್ಟಲೆ ಬೈಬಲ್ ಅನುವಾದಕ್ಕೆ ದುಡಿದರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು.

ಇವರೆಲ್ಲ ನೆಲೆ ನಿಲ್ಲಬೇಕು ಅಂತಲೇ ಬಂದವರು. ಅವರ ಎಲ್ಲ ನಡೆಯನ್ನೂ ನಾನು ಒಪ್ಪುತ್ತೇನೆ ಅಂತಲ್ಲ. ಆದರೆ ಒಂದು ಊರಿನ ಮಾತು ಕಲಿಯಲು, ಅಲ್ಲಿಯ ಜ್ವರ ಸಹಿಸಲು, ಅಲ್ಲಿಯ ಮಣ್ಣಿನಲ್ಲಿ ತಮ್ಮವರನ್ನು ಹೂಳಲು ಅವರು ತಯಾರಿದ್ದರು. ನಾವು ಹೋಗುವಾಗಲೇ ವಾಪಸ್ ಟಿಕೆಟ್ ಇಟ್ಟುಕೊಂಡು ಹೋಗುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಮನೆ ಮಠ ಇರುವವರು. ಆದರೆ ಇಷ್ಟು ಕಡಿಮೆ ದಿನದಲ್ಲಿ, ನಮಗಿಂತ ಗಟ್ಟಿ ನಂಬಿಕೆಯ ಜನರ ನಡುವೆ ನಾವು ಮಾಡಬಹುದಾದ ದೊಡ್ಡ ಕೆಲಸ ಅಂದರೆ ಗೆಳೆತನವೇ. ಬೋಧನೆಗೆ ಅವರ ಬಳಿ ಅವರ ಅಯ್ಯನವರಿದ್ದಾರೆ. ಅಲ್ಲೇ ಇರುತ್ತಾರೆ, ಅವರ ಭಾಷೆಯಲ್ಲೇ ಹೇಳುತ್ತಾರೆ.

ಗೆಳೆತನವನ್ನು ಗಾಳ ಮಾಡಿಕೊಳ್ಳುವ ರೀತಿಯೂ ಒಂದಿದೆ. ಮೊದಲು ಸ್ನೇಹ ಬೆಳೆಸಿ, ಆಮೇಲೆ ವಿಷಯಕ್ಕೆ ಬನ್ನಿ ಅಂತ ತರಬೇತಿಯಲ್ಲೇ ಹೇಳಿಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎದುರಿಗಿರುವ ಮನುಷ್ಯನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಗೊತ್ತಾದ ದಿನ ಮನಸ್ಸು ಮುಚ್ಚಿಕೊಳ್ಳುತ್ತದೆ.

ಕೀನ್ಯಾದಲ್ಲಿ ಇಂಡಿಯಾದವರಿಗೆ ಇನ್ನೊಂದು ಅಡ್ಡಿ ಇದೆ. ಹೋಗುವ ಮುಂಚೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬ್ರಿಟಿಷರು 1896ರಿಂದ 1901ರ ತನಕ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಿಸಿದಾಗ ಇಂಡಿಯಾದಿಂದ ಸುಮಾರು 32,000 ಕೂಲಿಕಾರರನ್ನು ಕರೆದೊಯ್ದರು. ಜಾಸ್ತಿ ಜನ ಪಂಜಾಬಿನವರು. 2,500ರಷ್ಟು ಜನ ಕೆಲಸದಲ್ಲೇ ಸತ್ತರು. ಹೆಚ್ಚಿನವರು ಊರಿಗೆ ಮರಳಿದರು, ಕೆಲವರು ಅಲ್ಲೇ ನಿಂತರು. ಅವರ ಹಿಂದೆ ಗುಜರಾತಿನ ವ್ಯಾಪಾರಸ್ಥರು ಬಂದು ಅಂಗಡಿ ಹಾಕಿದರು. ಮೊಂಬಾಸಾ ದಾರಿಯಲ್ಲಿ ಮಕಿಂಡು ಅನ್ನುವ ಊರಲ್ಲಿ 1926ರ ಗುರುದ್ವಾರ ಇದೆ. ದಾರಿಹೋಕರು ಯಾರೇ ಬಂದರೂ ಅಲ್ಲಿ ಊಟ ಹಾಕುತ್ತಾರೆ. 2017ರಲ್ಲಿ ಕೀನ್ಯಾ ಸರ್ಕಾರ ಅಲ್ಲಿಯ ಏಷ್ಯಾ ಮೂಲದವರನ್ನು ದೇಶದ 44ನೇ ಬುಡಕಟ್ಟು ಅಂತ ಗುರುತಿಸಿತು.

ಇಷ್ಟಾದರೂ ಹಳ್ಳಿಯ ಹೆಂಗಸರ ಕಣ್ಣಿಗೆ 'ಮುಹಿಂದಿ', ಅಂದರೆ ಇಂಡಿಯಾದವನು, ಅಂಗಡಿಯ ಗಲ್ಲಾ ಹಿಂದೆ ಕೂತ ಮಾಲೀಕ. ಕೆಲಸ ಕೊಡುತ್ತಾನೆ, ಬೈಯುತ್ತಾನೆ, ಮನೆಗೆ ಕರೆಯುವುದಿಲ್ಲ. ನಾನು ಹೊಲಿಗೆ ಕೋಣೆಗೆ ಕಾಲಿಟ್ಟ ದಿನ ನನಗೆ ಒಳ್ಳೆಯ ಕುರ್ಚಿ ಹಾಕಿದರು. ಉಳಿದವರೆಲ್ಲ ಬೆಂಚಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಮಾಲೀಕಳು ಬಂದಳು ಅನ್ನುವ ಹಾಗೆ. ನನಗೆ ಆ ಕುರ್ಚಿ ಸುಡುತ್ತಿತ್ತು. ನಾನೂ ಪೀಸ್ ಲೆಕ್ಕದಲ್ಲಿ ದುಡಿದವಳು, ಜೇಬು ಹಚ್ಚಿದ್ದಕ್ಕೆ ಇಷ್ಟು, ಝಿಪ್ಪು ಹಚ್ಚಿದ್ದಕ್ಕೆ ಇಷ್ಟು ಅಂತ ಸಂಜೆ ಎಣಿಸಿಕೊಂಡವಳು ಅಂತ ಹೇಳಿಸಿದೆ. ಅಯ್ಯನವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಅಲ್ಲಿಯ ಟೀಚರೊಬ್ಬರು ಕಾಂಬಾ ಮಾತಿಗೆ ತಿರುಗಿಸಿದರು. ಬೆಂಚಿನ ತುದಿಯಲ್ಲಿದ್ದ ಒಬ್ಬ ಹೆಂಗಸು ತಕ್ಷಣ ಒಂದು ಪ್ರಶ್ನೆ ಹಾಕಿದಳು. 'ಸೂಜಿ ಮುರಿದರೆ ಯಾರ ದುಡ್ಡು?' 'ನಮ್ಮದೇ' ಅಂದೆ. ಬೆಂಚಿನ ಉದ್ದಕ್ಕೂ ನಗು ಹರಿಯಿತು. ಅವರ ಕಡೆಯೂ ಅದೇ ಲೆಕ್ಕ.

ಆ ಪ್ರಶ್ನೆ ಕೇಳಿದವಳೇ ಮುಂದೆ ನನಗೆ ಅಕ್ಕ ಆದಳು. ಆಕೆಯ ಹೆಸರು ಇಲ್ಲಿ ಬೇಡ. ನಾನು ಕರೆದದ್ದೂ ಅಕ್ಕ ಅಂತಲೇ. ಸಂತೆ ಪೇಟೆಯಲ್ಲಿ ತಗಡಿನ ಮಳಿಗೆಯಲ್ಲಿ ಕಾಲ್ಮಿಷನ್ನು ಇಟ್ಟುಕೊಂಡು ಹೊಲಿಯುವ ದರ್ಜಿ. ಇಸ್ತ್ರಿ ಇನ್ನೂ ಇದ್ದಿಲಿನದು. ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿ ಸಂಜೆಯ ಹೊತ್ತು ತಂಡದವರೆಲ್ಲ ಒಟ್ಟಿಗೆ ಕೂತು ಆ ದಿನದ ಕೆಲಸ ಮಾತಾಡಬೇಕು ಅಂತ ಇತ್ತು. ಅಯ್ಯನವರ ಹತ್ತಿರ ಕೇಳಿಕೊಂಡು ಆ ಹೊತ್ತಿನಲ್ಲಿ ಅಕ್ಕನ ಮಳಿಗೆಗೆ ಹೋಗಲು ಶುರು ಮಾಡಿದೆ. ಅವರು ಒಪ್ಪಿದ್ದು ದೊಡ್ಡದು. ಎಷ್ಟೋ ತಂಡಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪಟ್ಟಿ ತುಂಬಿಸಿಬಿಟ್ಟಿರುತ್ತಾರೆ. ದುಡ್ಡು ಕೊಟ್ಟು ಕಳಿಸಿದವರಿಗೆ ಲೆಕ್ಕ ಒಪ್ಪಿಸಬೇಕಲ್ಲ, ಅದಕ್ಕೆ. ಆದರೆ ಗೆಳೆತನಕ್ಕೆ ಬೇಕಾದದ್ದು ಸುಮ್ನೆ ಕೂರುವ ಹೊತ್ತು. ಅದನ್ನು ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ.

ಅಕ್ಕನ ಮಳಿಗೆಗೆ ಹೊಸ ಬಟ್ಟೆ ಹೊಲಿಸಲು ಬರುವವರು ಕಡಿಮೆ. ಹೊರದೇಶದ ಹಳೆ ಬಟ್ಟೆ ಅಲ್ಲಿಗೆ ಬೇಲ್‌ಗಟ್ಟಲೆ ಬಂದು ಬೀಳುತ್ತದೆ. ಮಿಟುಂಬಾ ಅನ್ನುತ್ತಾರೆ. ಒಂದು ಹಳೆ ಜೀನ್ಸ್ ಅಷ್ಟು ಅಗ್ಗಕ್ಕೆ ಸಿಗುವಾಗ ದರ್ಜಿಯ ಹತ್ತಿರ ಯಾರು ಬರುತ್ತಾರೆ? ಶಾಲೆಯ ಯೂನಿಫಾರ್ಮ್, ಸಭೆಯ ಹಾಡುಗಾರರ ಬಟ್ಟೆ, ಮಿಟುಂಬಾ ತಂದವರ ಸೊಂಟ ಇಳಿಸಿಕೊಡುವುದು, ಝಿಪ್ಪು ಬದಲಿಸುವುದು. ಅದರಲ್ಲೇ ಹೊಟ್ಟೆ ಹೊರೆಯಬೇಕು. ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮಂಥ ತಂಡಗಳೂ ಹಳೆ ಬಟ್ಟೆಯ ಮೂಟೆ ಹೊತ್ತುಕೊಂಡು ಹೋಗುತ್ತವೆ. ಒಯ್ಯಬೇಡಿ. ಆ ಊರಲ್ಲಿ ಒಬ್ಬಳು ದರ್ಜಿ ಇರುತ್ತಾಳೆ.

ನಾನು ಅಕ್ಕನಿಗೆ ಜೀನ್ಸ್ ಕೆಲಸ ತೋರಿಸಿಕೊಟ್ಟೆ. ದಪ್ಪ ಮಡಿಕೆಯ ಮೇಲೆ ಸೂಜಿ ಮುರಿಯದ ಹಾಗೆ ಕೈಯಿಂದ ಚಕ್ರ ತಿರುಗಿಸುವುದು, ತಳದ ಹಳೆ ಮಡಿಕೆ ಉಳಿಸಿಕೊಂಡೇ ಕಾಲು ಗಿಡ್ಡ ಮಾಡುವುದು, ಕತ್ತರಿಸಿ ಉಳಿದ ತುಂಡಿನಲ್ಲಿ ಚೀಲ ಮಾಡುವುದು. ಆಕೆ ನನಗೆ ಕಿಟೆಂಗೆ ಅನ್ನುವ ಅಲ್ಲಿಯ ಬಣ್ಣದ ಅಚ್ಚಿನ ಬಟ್ಟೆಯಲ್ಲಿ ಭುಜ ಎತ್ತಿ ಹೊಲಿಯುವ ಬಗೆ ಕಲಿಸಿದಳು. ದೊಡ್ಡ ದೊಡ್ಡ ಹೂವಿನ ಚಿತ್ರ ಎರಡು ಕಡೆಯೂ ಸರಿಯಾಗಿ ಕೂರುವಂತೆ ಕತ್ತರಿಸಬೇಕು. ಬಹಳ ತಾಳ್ಮೆಯ ಕೆಲಸ ಅದು. ನನ್ನ ಕೈ ನೋಡಿ ಆಕೆ ಬೈದಳು, ಬಟ್ಟೆ ಕಸಿದುಕೊಂಡು ಬಿಚ್ಚಿಸಿದಳು. ಬೈಯುವಷ್ಟು ಹತ್ತಿರ ಬಂದಳಲ್ಲ ಅಂತ ನನಗೆ ಒಳಗೊಳಗೇ ಖುಷಿ. ಕುರ್ಚಿ ಹಾಕಿ ಕೂರಿಸಿದವರು ಬೈಯುವುದಿಲ್ಲ. ಇಬ್ಬರ ನಡುವೆ ಇದ್ದದ್ದು ಒಡೆದ ಇಂಗ್ಲಿಷ್, ಕೈಸನ್ನೆ, ಚಾಕ್‌ಪೀಸ್, ಟೇಪು. ಹೊಲಿಗೆಗೆ ಅಷ್ಟು ಸಾಕಾಯಿತು.

ಊಟ, ಚಹಾದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಾನು ಸಣ್ಣವಳಿದ್ದಾಗ ನಮ್ಮ ಸಭೆಗೂ ಹೊರದೇಶದಿಂದ ತಂಡಗಳು ಬರುತ್ತಿದ್ದವು. ಒಳ್ಳೆಯವರೇ. ಹಾಡು ಕಲಿಸುತ್ತಿದ್ದರು, ಪೆನ್ಸಿಲ್ ಕೊಡುತ್ತಿದ್ದರು, ನಮ್ಮ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಮಾತ್ರ ಬಾಟಲಿ ನೀರು ಕೈಯಲ್ಲಿ. ನಮ್ಮವ್ವ ಇದ್ದ ಹಾಲನ್ನೆಲ್ಲ ಹಾಕಿ ಮಾಡಿದ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಅವರಿಗೆ ಹೊಟ್ಟೆ ಕೆಡುವ ಭಯ, ಅಷ್ಟೇ. ಆದರೆ ನಮ್ಮ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ನೀರು ಮುಟ್ಟದವರು ಊರಲ್ಲೇ ಬೇಕಾದಷ್ಟು ಜನ ಇದ್ದರು. ಅದಕ್ಕೆ ಕಾರಣ ಏನು ಅಂತ ಈ ಸೀಮೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಅವ್ವನಿಗೆ ಆ ಬಾಟಲಿ ನೀರಿಗೂ ಇವರ ನಡತೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದು ಸಲ ಬಂದ ತಂಡದಲ್ಲಿ ವಯಸ್ಸಾದ ಒಬ್ಬ ಹೆಂಗಸು ಲೋಟ ತಗೊಂಡು ಕುಡಿದು, ಇನ್ನೂ ಸ್ವಲ್ಪ ಇದೆಯಾ ಅಂತ ಕೈ ಚಾಚಿದರು. ಅವ್ವ ಸಾಯುವ ತನಕ ಅವರ ಸುದ್ದಿ ಹೇಳುತ್ತಿದ್ದಳು. ಅವರು ಯಾವ ದೇಶದವರು ಅಂತಲೂ ಅವಳಿಗೆ ಗೊತ್ತಿರಲಿಲ್ಲ.

ಹಾಗಾಗಿ ಕೀನ್ಯಾದಲ್ಲಿ ಯಾರ ಮನೆಯ ಚಹಾವನ್ನೂ ನಾನು ಬಿಡಲಿಲ್ಲ. ಭಯ ಇರುವವರಿಗೆ ಒಂದು ಮಾತು: ಅಲ್ಲಿಯ ಚಹಾ ಹಾಲು, ನೀರು, ಪುಡಿ, ಸಕ್ಕರೆ ಎಲ್ಲ ಸೇರಿಸಿ ಚೆನ್ನಾಗಿ ಕುದಿಸಿದ್ದು, ನಮ್ಮದರ ಹಾಗೆಯೇ. ತಣ್ಣೀರಿನ ವಿಷಯದಲ್ಲಿ ಹುಷಾರಾಗಿರಿ, ಕುದಿಸಿದ ಚಹಾಕ್ಕೆ ಹೆದರಬೇಡಿ. ಮುಥೊಕೊಯಿ ಅಂತ ಒಂದು ಅಡುಗೆ ಮಾಡುತ್ತಾರೆ. ಮೆಕ್ಕೆಜೋಳ ಕುಟ್ಟಿ ಸಿಪ್ಪೆ ತೆಗೆದು, ಅವರೆ ಥರದ ಕಾಳಿನ ಜೊತೆ ಗಂಟೆಗಟ್ಟಲೆ ಬೇಯಿಸುವುದು. ನಮ್ಮ ಜೋಳವೂ ಅಲ್ಲಿ ಬೆಳೆಯುತ್ತದೆ. ಒಂದು ಸಂಜೆ ಅಕ್ಕನ ಇದ್ದಿಲ ಒಲೆಯ ಮೇಲೆ ಎಸರಿಟ್ಟು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದೆ. ಅಲ್ಲಿಯ ಗಿರಣಿಯ ಹಿಟ್ಟು ಸ್ವಲ್ಪ ದಪ್ಪ. ಅಂಚು ಸೀಳುತ್ತಿತ್ತು. ಇಂಡಿಯಾದವರು ಅಂದರೆ ಚಪಾತಿ ಅಂತಲೇ ಅವರಿಗೆ ಗೊತ್ತಿದ್ದದ್ದು, ಚಪಾತಿ ಅಲ್ಲಿ ಹಬ್ಬದೂಟ. ಬರೀ ಕೈಯಲ್ಲಿ ಬಡಿಯುವುದನ್ನು ನೋಡಲು ಓಣಿಯೇ ಸೇರಿತು. ಆಮೇಲೆ ಅವರೇ ಒಬ್ಬೊಬ್ಬರಾಗಿ ಬಡಿದರು.

ಯೇಸು ಎಪ್ಪತ್ತು ಜನರನ್ನು ಊರೂರಿಗೆ ಕಳಿಸುವಾಗ ಹೇಳಿದ ಮಾತು ಲೂಕನ ಹತ್ತನೆಯ ಅಧ್ಯಾಯದಲ್ಲಿದೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಹೋದ ಮನೆಯಲ್ಲೇ ಇರಿ, ಕೊಟ್ಟದ್ದನ್ನು ಉಣ್ಣಿ, ಮನೆಯಿಂದ ಮನೆಗೆ ಅಲೆಯಬೇಡಿ ಅಂತ. ನಾವು ಇದರ ಪೂರ್ತಿ ತಿರುಗಾಮುರುಗಾ ಮಾಡುತ್ತೇವೆ. ದೊಡ್ಡ ಚೀಲ ತುಂಬಿಕೊಂಡು ಹೋಗುತ್ತೇವೆ, ಲಾಡ್ಜಿನಲ್ಲಿ ಇಳಿಯುತ್ತೇವೆ, ದಿನಕ್ಕೆ ಎಷ್ಟು ಮನೆ ಮುಟ್ಟಿದೆವು ಅಂತ ವರದಿ ಬರೆಯುತ್ತೇವೆ. ಸಮಾರ್ಯದ ಬಾವಿಯ ಹತ್ತಿರವೂ ಯೇಸು ಮೊದಲು ಮಾಡಿದ್ದು ಆ ಹೆಂಗಸಿನ ಹತ್ತಿರ ನೀರು ಕೇಳಿದ್ದು. ಕೊಡುವ ಸ್ಥಾನ ಅವಳದಾಯಿತು. ಮಾತು ಅಲ್ಲಿಂದ ಶುರುವಾಯಿತು.

ನೀರಿನ ಸುದ್ದಿ ಬಂತು. ಅಕ್ಕನ ಊರಿನ ಹೊಳೆ ಮಳೆಗಾಲ ಬಿಟ್ಟರೆ ಬರೀ ಮರಳು. ಹೆಂಗಸರು ಮರಳು ತೋಡಿ ನೀರು ಮೊಗೆಯುತ್ತಾರೆ. ನಮ್ಮ ಹಗರಿ ಹೊಳೆಯಲ್ಲಿ ಒರತೆ ತೆಗೆಯುತ್ತಿದ್ದರಲ್ಲ, ಅದೇ ಕೆಲಸ. ಕಾಂಬಾ ಜನ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಹೊಳೆಗೆ ಅಡ್ಡ ಕಲ್ಲು ಸಿಮೆಂಟಿನ ಗೋಡೆ ಕಟ್ಟುತ್ತಾರೆ. ಮಳೆ ಬಂದಾಗ ಮರಳು ಬಂದು ಗೋಡೆಯ ಹಿಂದೆ ತುಂಬುತ್ತದೆ, ನೀರು ಆ ಮರಳಿನೊಳಗೆ ನಿಲ್ಲುತ್ತದೆ. ಬಿಸಿಲಿಗೆ ಆರುವುದಿಲ್ಲ, ಸೊಳ್ಳೆ ಆಗುವುದಿಲ್ಲ. ಊರವರೇ, ಅದರಲ್ಲೂ ಹೆಂಗಸರೇ ಕಲ್ಲು ಹೊತ್ತು ಕಟ್ಟುತ್ತಾರೆ. ಹೀಗೆ ಸೇರಿ ದುಡಿಯುವ ಗುಂಪುಗಳು ಅಲ್ಲಿ ಹಿಂದಿನಿಂದಲೂ ಇವೆ. ನೈರೋಬಿಯ ಕಟ್ಟಡಗಳಿಗೆ ಮರಳು ಸಾಗಿಸುವುದು ಹೆಚ್ಚಾದಾಗ ಮಕುವೇನಿ ಜಿಲ್ಲೆಯವರು 2015ರಲ್ಲಿ ಮರಳು ಕಾಯಲು ತಮ್ಮದೇ ಕಾಯಿದೆ ಮಾಡಿಕೊಂಡರು. ಇದನ್ನು ಕೇಳಿ ನಾನು ಬಹಳ ಹೊತ್ತು ಆ ಹೊಳೆಯಲ್ಲೇ ಕೂತೆ. ನಮ್ಮ ಹಳ್ಳಗಳಿಂದ ಎಷ್ಟು ಮರಳು ಹೋಯಿತು, ಎಷ್ಟು ಒರತೆ ಸತ್ತವು ಅಂತ ನನಗೂ ಗೊತ್ತು. ನಾವು ಕಲಿಸಲು ಹೋದ ಊರಿನಲ್ಲಿ ನಮ್ಮ ಊರಿಗೆ ಬೇಕಾದ ಪಾಠ ಇತ್ತು. ಅದನ್ನು ತೋರಿಸಿದ್ದು ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲ, ಅಕ್ಕ.

ಇನ್ನು ದುಡ್ಡಿನ ವಿಷಯ. ಹೋಗಿ ಬಂದವರೆಲ್ಲ ಕೊನೆಗೆ ಇದನ್ನೇ ಎತ್ತುತ್ತಾರೆ. 'ಮೊದಲು ಚೆನ್ನಾಗಿದ್ದರು, ಆಮೇಲೆ ವಾಟ್ಸಾಪಿನಲ್ಲಿ ದುಡ್ಡು ಕೇಳಿದರು' ಅಂತ. ಹೇಳುವಾಗ ದನಿಯಲ್ಲಿ ಒಂದು ನೋವು ಇರುತ್ತದೆ. ಸ್ನೇಹ ಸುಳ್ಳಾಗಿತ್ತೇನೋ ಅಂತ. ನನ್ನನ್ನೂ ಅಕ್ಕ ಕೇಳಿದಳು. ನಾನು ವಾಪಸ್ ಬಂದು ಕೆಲವು ತಿಂಗಳಾಗಿತ್ತು. ಮಗಳ ಶಾಲೆಯ ಫೀಸು ಕಟ್ಟಲು ಹರಂಬೆ ಮಾಡುತ್ತಿದ್ದೇವೆ, ನಿನ್ನ ಕೈಲಾದದ್ದು ಹಾಕು ಅಂತ.

ಹರಂಬೆ ಅಂದರೆ ಊರವರೆಲ್ಲ ಸೇರಿ ಒಂದು ಮನೆಯ ಕಷ್ಟಕ್ಕೆ ದುಡ್ಡು ಕೂಡಿಸುವುದು. ಮದುವೆ, ಆಸ್ಪತ್ರೆ, ಸಾವು, ಶಾಲೆ, ಎಲ್ಲಕ್ಕೂ ಮಾಡುತ್ತಾರೆ. ಅಲ್ಲಿ ಹೆಂಗಸರ ಸಂಘಗಳೂ ಇವೆ, ಚಾಮಾ ಅನ್ನುತ್ತಾರೆ. ನಾನು ಅಕ್ಕನ ಚಾಮಾದಲ್ಲಿ ಕೂತು ಬಂದಿದ್ದೆ. ಕೈಯಲ್ಲಿ ಕತ್ತಾಳೆ ನಾರಿನ ಬುಟ್ಟಿ ಹೆಣೆಯುತ್ತಲೇ ಲೆಕ್ಕ ಮಾಡುತ್ತಾರೆ. ಒಂದು ನೋಟ್‌ಬುಕ್ಕು, ಅದರಲ್ಲಿ ಯಾರು ಎಷ್ಟು ಕೊಟ್ಟರು ಅಂತ ಹೆಸರು, ಅಂಕಿ. ಆ ನೋಟ್‌ಬುಕ್ಕು ನೋಡಿದ ತಕ್ಷಣ ನನಗೆ ನಮ್ಮ ಮದುವೆ ಮನೆಯ ಮುಯ್ಯಿ ಪುಸ್ತಕ ಕಣ್ಣಿಗೆ ಬಂತು. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಒಬ್ಬರು ಪೆನ್ನು ಹಿಡಿದು ಕೂತಿರುತ್ತಾರಲ್ಲ, ಅದು. ಯಾರು, ಯಾವ ಊರು, ಎಷ್ಟು. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಆ ಪುಟ ತೆಗೆದು ನೋಡುತ್ತೇವೆ. ಬಂದದ್ದಕ್ಕಿಂತ ಸ್ವಲ್ಪ ಮೇಲೆ ಹಾಕುತ್ತೇವೆ. ಬಂದಷ್ಟೇ ಹಾಕಿದರೆ ಸಂಬಂಧ ಚುಕ್ತಾ ಮಾಡಿದ ಹಾಗೆ ಅನ್ನುತ್ತಿದ್ದಳು ನಮ್ಮವ್ವ. ಮುಯ್ಯಿ ತೀರಬಾರದು. ಒಂದು ಕಡೆ ಸದಾ ಬಾಕಿ ಇರಬೇಕು. ಬಾಕಿ ಇದ್ದರೆ ತಾನೇ ಮತ್ತೆ ಹೋಗಿ ಬರುವುದು?

ಸೇವೆಗೆ ಹೋದ ತಂಡಗಳು ಕೊನೆಯ ದಿನ ಮಾಡುವುದು ಇದರ ಉಲ್ಟಾ. ಉಂಡಿದ್ದೇವೆ, ಇದ್ದಿದ್ದೇವೆ, ಋಣ ಇರಬಾರದು ಅಂತ ಕವರು, ಉಡುಗೊರೆ, ಉಳಿದ ಸಾಮಾನು ಎಲ್ಲ ಹಂಚಿಬಿಡುತ್ತಾರೆ. ಕೈ ತೊಳೆದುಕೊಂಡು ವಿಮಾನ ಹತ್ತುತ್ತಾರೆ. ಆಮೇಲೆ ಆ ಕಡೆಯಿಂದ ಒಂದು ಕೋರಿಕೆ ಬಂದರೆ, ಎಲ್ಲ ಕೊಟ್ಟು ಬಂದಿದ್ದೇವಲ್ಲ ಅನ್ನಿಸುತ್ತದೆ. ನೇರವಾಗಿ ಯಾರಿಗೂ ದುಡ್ಡು ಕೊಡಬೇಡಿ ಅನ್ನುವ ನಿಯಮ ನಮ್ಮ ತಂಡಕ್ಕೂ ಇತ್ತು. ಆ ನಿಯಮ ಸರಿಯೇ. ನಿನ್ನೆ ಬಂದವನು ಒಬ್ಬರ ಕೈಗೆ ಗುಟ್ಟಾಗಿ ದುಡ್ಡು ಇಟ್ಟರೆ ಊರಲ್ಲಿ ಜಗಳ ಹುಟ್ಟುತ್ತದೆ, ಅಲ್ಲಿಯ ಅಯ್ಯನವರ ಮಾತಿಗೆ ಬೆಲೆ ಇಲ್ಲದಂತಾಗುತ್ತದೆ. ಆದರೆ ಅಕ್ಕ ಗುಟ್ಟಾಗಿ ಕೇಳಿರಲಿಲ್ಲ. ಹರಂಬೆಗೆ ಕರೆದಿದ್ದಳು. ಊರವರನ್ನು ಕರೆದ ಹಾಗೆ ನನ್ನನ್ನೂ ಕರೆದಿದ್ದಳು. ನಾನು ಅಲ್ಲಿ ಹೊಲಿಗೆ ಕೂಲಿ ಎಷ್ಟು ಬರುತ್ತದೆ, ಅಕ್ಕನ ತಂಗಿಯಂದಿರು ಎಷ್ಟು ಹಾಕುತ್ತಾರೆ ಅಂತ ವಿಚಾರಿಸಿ, ಒಬ್ಬ ತಂಗಿ ಹಾಕುವಷ್ಟೇ ಹಾಕಿದೆ. ಜಾಸ್ತಿ ಹಾಕುವ ಮನಸ್ಸಿತ್ತು. ಹಾಕಿದ್ದರೆ ನಾನು ಮತ್ತೆ ಆ ಕುರ್ಚಿಯಲ್ಲಿ ಹೋಗಿ ಕೂತ ಹಾಗೆ ಆಗುತ್ತಿತ್ತು. ಅವರ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದ ಪುಟದ ಫೋಟೋ ಕಳಿಸಿದಳು. ಹೆಸರಿನ ಮುಂದೆ ಊರು ಬಳ್ಳಾರಿ ಅಂತ.

ಮುಂದಿನ ವರ್ಷ ನಮ್ಮವ್ವ ತೀರಿಕೊಂಡಳು. ಅಕ್ಕನಿಗೆ ತಿಳಿಸಿದೆ. ಆ ರಾತ್ರಿ ಚಾಮಾದ ಹೆಂಗಸರೆಲ್ಲ ಸೇರಿ ಹಾಡಿದ್ದನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಿದಳು. ನನಗೆ ಒಂದು ಪದವೂ ತಿಳಿಯದ ಹಾಡು. ನಮ್ಮ ಸಭೆಯ ಹೆಂಗಸರ ಸಂಘ, ಸ್ತ್ರೀಯರ ಮೈತ್ರಿಯವರು ಮನೆಯೆಲ್ಲ ತುಂಬಿದ್ದರು, ಅವರೆಲ್ಲ ಕೇಳುತ್ತಾ ಸುಮ್ಮನೆ ಕೂತರು. ಅಷ್ಟಕ್ಕೇ ಮುಗಿಯಲಿಲ್ಲ. ಅವರ ಊರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ರಜೆಗೆ ಹೋಗಿದ್ದವನು ವಾಪಸ್ ಬರುವಾಗ ಅಕ್ಕ ಅವನ ಕೈಯಲ್ಲಿ ಒಂದು ಬುಟ್ಟಿ, ಒಂದು ಕವರು ಕೊಟ್ಟಿದ್ದಳು. ಅವನು ಹಂಪಿ ಎಕ್ಸ್‌ಪ್ರೆಸ್ಸಿಗೆ ಬಂದು ಇಳಿದ. ಮನೆ ಹುಡುಕಿಕೊಂಡು ಬಂದು ಕವರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಒಳಗೆ ಕೀನ್ಯಾದ ನೋಟುಗಳು, ಒಂದು ಪಟ್ಟಿ. ನನ್ನ ಅವ್ವನ ಮಣ್ಣಿಗೆ ಯಾರ್ಯಾರು ಎಷ್ಟೆಷ್ಟು ಹಾಕಿದ್ದಾರೆ ಅಂತ. ಬೆಂಚಿನ ಮೇಲೆ ಕೂತಿದ್ದ ಹೆಂಗಸರೆಲ್ಲರ ಹೆಸರೂ ಅದರಲ್ಲಿತ್ತು. ಹೊಳೆಯ ಮರಳು ತೋಡಿ ನೀರು ತರುವವರ ದುಡ್ಡು.

ಮನೆಯವರು ಅಂದರು, ಇದನ್ನು ತಗೋಬಾರದು, ಬಡವರ ದುಡ್ಡು, ವಾಪಸ್ ಕಳಿಸು ಅಂತ. ನಾನು ಒಪ್ಪಲಿಲ್ಲ. ವಾಪಸ್ ಕಳಿಸಿದರೆ ಅದು ಬಾಟಲಿ ನೀರೇ ಆಗುತ್ತಿತ್ತು. ಬಡವರ ಕೈಯಿಂದ ತಗೊಳ್ಳುವುದು ಬಹಳ ಕಷ್ಟ. ಕೊಡುವುದಕ್ಕಿಂತ ಕಷ್ಟ. ಆದರೆ ತಗೊಳ್ಳಲು ಆಗದವನು ಗೆಳೆಯ ಹೇಗಾಗುತ್ತಾನೆ? ಆ ಹೆಸರುಗಳನ್ನೆಲ್ಲ ಅವ್ವನ ಮಣ್ಣಿಗೆ ಬಂದವರ ಪುಸ್ತಕದಲ್ಲಿ, ನಮ್ಮ ಓಣಿಯವರ ಹೆಸರಿನ ಕೆಳಗೆ ಬರೆಸಿದೆ. ನೋಟುಗಳನ್ನು ಬದಲಿಸಿ ಸಮಾಧಿಯ ಕಲ್ಲಿಗೆ ಸೇರಿಸಿದೆವು. ಬುಟ್ಟಿಯನ್ನು ದಿನಾ ಸಂತೆಗೆ ಒಯ್ಯುತ್ತೇನೆ.

ಈಗ ಅಕ್ಕ ಬಳ್ಳಾರಿಗೆ ಬರುವ ಯೋಚನೆಯಲ್ಲಿದ್ದಾಳೆ. ಅವರ ಸಭೆಯ ಮೂರ್ನಾಲ್ಕು ಹೆಂಗಸರೂ ಜೊತೆಗೆ. ದುಡ್ಡು ಕೂಡಿಸುತ್ತಿದ್ದಾರೆ, ನಮ್ಮ ಕಡೆಯಿಂದಲೂ ಸೇರಿಸುತ್ತಿದ್ದೇವೆ. ಪ್ರವಾಸಿ ವೀಸಾದ ಮೇಲೆ ಬಂದವರು ಇಲ್ಲಿ ಮತ ಬೋಧನೆ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ ಅಂತ ಅಯ್ಯನವರು ಮೊದಲೇ ಹೇಳಿದ್ದಾರೆ. ಅಕ್ಕನಿಗೆ ಹೇಳಿದಾಗ, ನಾನು ಬರುತ್ತಿರುವುದು ನಿನ್ನ ಯೂನಿಟ್ಟು ನೋಡಲು, ನಿನ್ನ ಅವ್ವನ ಸಮಾಧಿ ನೋಡಲು ಅಂದಳು. ಅತಿಥಿಗಳಾಗಿ ಬರುತ್ತಾರೆ, ಭಾನುವಾರ ನಮ್ಮ ಜೊತೆ ಆರಾಧನೆಯಲ್ಲಿ ಕೂರುತ್ತಾರೆ. ಅವರೂ ಹಳದಿ ಕಾರ್ಡ್ ತರಲೇಬೇಕು. ಏಪ್ರಿಲ್, ಮೇ ಬೇಡ ಅಂತ ಖಡಕ್ಕಾಗಿ ಹೇಳಿದ್ದೇನೆ, ನಮ್ಮ ಬಿಸಿಲು ಅವರಿಗೆ ತಡೆಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಬಂದರೆ ಸರಿ.

ಲಾಡ್ಜ್ ನೋಡಬೇಕಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಬೇಡ, ಮನೆಗಳಲ್ಲೇ ಇಳಿಯಲಿ ಅಂತ ತೀರ್ಮಾನವಾಗಿದೆ. ಯಾರ ಮನೆಯಲ್ಲಿ ಯಾವ ದಿನ ಊಟ ಅನ್ನುವುದಕ್ಕೆ ಸ್ತ್ರೀಯರ ಮೈತ್ರಿಯಲ್ಲಿ ಈಗಲೇ ಜಗಳ ನಡೆಯುತ್ತಿದೆ. ಒಬ್ಬರಿಗೆ ಒಗ್ಗರಣೆ ಮಂಡಕ್ಕಿ ಮಿರ್ಚಿ ಮಾಡುವ ಆಸೆ, ಇನ್ನೊಬ್ಬರು ನಾಟಿ ಕೋಳಿ ಸಾಕುತ್ತಿದ್ದಾರೆ. ರಾತ್ರಿ ಅಕ್ಕ ಮಲಗುವುದು ನಮ್ಮ ಮನೆಯಲ್ಲೇ. ಅದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರು ಯಾರಾದರೂ ಆ ದಿನಗಳಲ್ಲಿ ನಮ್ಮ ಜೊತೆ ಓಡಾಡಲು ಸಿಗುತ್ತಾರಾ ಅಂತ ಹುಡುಕುತ್ತಿದ್ದೇನೆ. ಹಗರಿಯ ಹೊಳೆಯನ್ನೂ ಅವರಿಗೆ ತೋರಿಸಬೇಕು. ಮರಳು ತಡೆಯುವ ಗೋಡೆ ಅಲ್ಲಿ ಎಲ್ಲಿ ಕಟ್ಟಬಹುದು ಅಂತ ಅವರ ಕಣ್ಣಿಗೆ ಕಂಡೀತು.